ಬಾಕ್ಸ್ ಟ್ರೈನರ್, ವಿಆರ್ ಸಿಮ್ಯುಲೇಟರ್, ಹೆಡ್‌ಸೆಟ್: ಸರ್ಜರಿ ಕಲಿಯುವವರ ಗಮನ ಉಳಿಸುವುದು ಯಾವುದು?

ಸರ್ಜರಿ ಪಿಜಿಗೆ ಸೇರಿದ ಹೊಸತರಲ್ಲಿ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಇದು: "ಸರ್, ಲ್ಯಾಪ್ರೋಸ್ಕೋಪಿಗೆ ಕೈ ಪಳಗಬೇಕು ಅಂದ್ರೆ ಬಾಕ್ಸ್ ಟ್ರೈನರ್ ಸಾಕಾ, ಸಿಮ್ಯುಲೇಟರೇ ಬೇಕಾ, ಇಲ್ಲಾ ಒಂದು ವಿಆರ್ ಹೆಡ್‌ಸೆಟ್ ತಗೊಂಡ್ಬಿಡ್ಲಾ?" ಲ್ಯಾಪ್ರೋಸ್ಕೋಪಿ ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಮತ್ತು ಉದ್ದ ಉಪಕರಣ ತೂರಿಸಿ ಮಾಡುವ ಆಪರೇಷನ್. ಅದರ ಅಭ್ಯಾಸಕ್ಕಿರುವ ಡಬ್ಬಿ ಬಾಕ್ಸ್ ಟ್ರೈನರ್, ಕಂಪ್ಯೂಟರ್ ಯಂತ್ರ ಸಿಮ್ಯುಲೇಟರ್; ವಿಆರ್ ಎಂದರೆ ಕಂಪ್ಯೂಟರ್ ಕಟ್ಟಿಕೊಡುವ ಕೃತಕ ನೋಟ, ವರ್ಚುವಲ್ ರಿಯಾಲಿಟಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್, ಮಂಡ್ಯದ ಮಿಮ್ಸ್, ಬಿ.ಜಿ. ನಗರದ ಆದಿಚುಂಚನಗಿರಿ, ಎಲ್ಲಿ ಓದುತ್ತಿದ್ದರೂ ಪ್ರಶ್ನೆ ಅದೇ. ಕೇಳುವವರ ಮನಸ್ಸಿನಲ್ಲಿ ಹೆಚ್ಚಾಗಿ ಇರುವುದು ಬೆಲೆ, ಗ್ರಾಫಿಕ್ಸ್, ಯಾವ ಕಂಪನಿಯದು ಎಂಬ ಲೆಕ್ಕ.

ಮೂರನ್ನೂ ಬಳಸಿ ಪಿಜಿಗಳಿಗೆ ಕಲಿಸುತ್ತಿರುವ ನಾನು ಬೇರೆ ಲೆಕ್ಕ ಹೇಳುತ್ತೇನೆ. ಮನುಷ್ಯನಿಗೆ ಒಂದು ಹೊತ್ತಿಗೆ ಇರುವ ಗಮನ ಇಷ್ಟೇ. ಅಭ್ಯಾಸಕ್ಕೆ ಕೂತಾಗ ಅದರಲ್ಲಿ ಎಷ್ಟು ಪಾಲು ಆಪರೇಷನ್‌ಗೆ ಸಲ್ಲುತ್ತದೆ, ಎಷ್ಟು ಪಾಲು ಯಂತ್ರವನ್ನು ಸಂಭಾಳಿಸುವುದರಲ್ಲೇ ಕರಗುತ್ತದೆ ಎಂದು ನೋಡಿ ಆರಿಸಿಕೊಳ್ಳಿ. ಹಾಗೆಯೇ, ಯಾವ ಯಂತ್ರ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ, ಎಂಥ ಮನಸ್ಸಿಟ್ಟುಕೊಂಡು ಅದರ ಮುಂದೆ ನಿಂತಿರಿ ಎಂಬುದು ನಿಮ್ಮ ಕೈಯನ್ನು ಹೆಚ್ಚು ತಿದ್ದುತ್ತದೆ. ಈ ಬರಹದ ಅರ್ಧ ಭಾಗ ಆ ಎರಡನೆಯ ವಿಷಯಕ್ಕೇ ಮೀಸಲು.

ಗಮನ ಎಲ್ಲಿ ಖರ್ಚಾಗುತ್ತದೆ

ಹೊಟ್ಟೆ ತೆರೆದು ಮಾಡುವ ಆಪರೇಷನ್‌ನಲ್ಲಿ ಕೈ ಇರುವಲ್ಲೇ ಕಣ್ಣು ಇರುತ್ತದೆ. ಲ್ಯಾಪ್ರೋಸ್ಕೋಪಿಯಲ್ಲಿ ಕೈ ರೋಗಿಯ ಹೊಟ್ಟೆಯ ಮೇಲೆ, ಕಣ್ಣು ಮಾನಿಟರ್ ಮೇಲೆ. ಉಪಕರಣ ತೂತಿಗೆ ಹಾಕಿದ ಕೊಳವೆ, ಅಂದರೆ ಪೋರ್ಟ್‌ನೊಳಗೆ ಸಿಕ್ಕಿ ತಿರುಗುವುದರಿಂದ ಹಿಡಿ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ, ಹಿಡಿ ಮೇಲೆ ಹೋದರೆ ತುದಿ ಕೆಳಗೆ. ಪರದೆ ಚಪ್ಪಟೆ, ಆಳ ಗೊತ್ತಾಗದು. ಅಂಗಾಂಶದ ಮೆದು, ಗಡಸು ಬೆರಳಿಗೆ ಪೂರಾ ತಲುಪದು. ಮೊದಲ ಬಾರಿ ಗ್ರಾಸ್ಪರ್ (ಅಂಗಾಂಶ ಹಿಡಿಯುವ ಉದ್ದ ಚಿಮಟ) ಹಿಡಿದವರಿಗೆ ಇಷ್ಟನ್ನು ನಿಭಾಯಿಸುವುದರಲ್ಲೇ ತಲೆ ತುಂಬಿಹೋಗುತ್ತದೆ.

ನಮ್ಮ ಕೆಲಸದ ನೆನಪು, ಅಂದರೆ ಆ ಕ್ಷಣಕ್ಕೆ ತಲೆಯಲ್ಲಿ ಹಿಡಿದಿಟ್ಟುಕೊಂಡು ಬಳಸುವ ನೆನಪು, ಒಮ್ಮೆಗೆ ಸುಮಾರು ನಾಲ್ಕು ಸಂಗತಿಗಳನ್ನಷ್ಟೇ ತಾಳಬಲ್ಲದು ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಎಡಗೈ ಎಳೆತ, ಬಲಗೈ ತುದಿ, ಕ್ಯಾಮೆರಾದ ಕೋನ, ಕಾಟರಿಯ (ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವ ಉಪಕರಣ) ಪೆಡಲ್ ಎಂದು ನಾಲ್ಕೂ ಇವುಗಳಿಗೇ ಹೋದರೆ ಅನಾಟಮಿಗೆ ಜಾಗ ಎಲ್ಲಿ?

ಪಿತ್ತಕೋಶದ ಆಪರೇಷನ್‌ನಲ್ಲಿ ಅನಾಟಮಿಗೆ ಜಾಗ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಗೊತ್ತಿರುವುದೇ. ಸಿಸ್ಟಿಕ್ ಡಕ್ಟ್ (ಪಿತ್ತಕೋಶದಿಂದ ಹೊರಡುವ ನಾಳ) ಅಂದುಕೊಂಡು ಮುಖ್ಯ ಪಿತ್ತನಾಳಕ್ಕೇ ಕ್ಲಿಪ್ ಬೀಳುತ್ತದೆ. ಇದನ್ನು ತಪ್ಪಿಸಲೆಂದು ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು 1995ರಲ್ಲಿ ಹೇಳಿದ ನಿಯಮ ಎಲ್ಲ ಪಿಜಿಗಳ ಬಾಯಲ್ಲೂ ಇದೆ: ಪಿತ್ತಕೋಶ, ಯಕೃತ್ತು, ಪಿತ್ತನಾಳಗಳ ನಡುವಿನ ತ್ರಿಕೋನದ ಕೊಬ್ಬು, ನಾರು ಪೂರ್ತಿ ತೆಗೆದಿರಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಯಕೃತ್ತಿನಿಂದ ಬಿಡಿಸಿರಬೇಕು, ಪಿತ್ತಕೋಶದೊಳಕ್ಕೆ ಹೋಗುವ ಎರಡೇ ಎರಡು ರಚನೆ ಕಾಣಬೇಕು. ಬಾಯಲ್ಲಿ ಇರುವುದು ಬೇರೆ, ರಕ್ತ ಒಸರುತ್ತಿರುವಾಗ ಅದೇ ನಿಯಮಕ್ಕೆ ತಲೆಯಲ್ಲಿ ಜಾಗ ಉಳಿದಿರುವುದು ಬೇರೆ. ಕೈಯ ಕೆಲಸ ಯೋಚನೆ ಬೇಡದೆ ತಾನಾಗಿ ಸಾಗುವ ಹಂತಕ್ಕೆ ಬಂದರೆ ಆ ಜಾಗ ತೆರವಾಗುತ್ತದೆ. ಸಿಮ್ಯುಲೇಟರ್ ಮುಂದೆ ಕಳೆಯುವ ಗಂಟೆಗಳ ಗುರಿ ಇದೇ.

ಬಾಕ್ಸ್ ಟ್ರೈನರ್

ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ಎರಡು ತೂತು, ಒಳಗೆ ಒಂದು ವೆಬ್‌ಕ್ಯಾಮ್, ಒಂದು ತುಂಡು ಎಲ್‌ಇಡಿ ಪಟ್ಟಿ, ಒಟಿಯಲ್ಲಿ (ಆಪರೇಷನ್ ಥಿಯೇಟರ್) ಬಳಕೆ ಮುಗಿದ ಒಂದು ಮೇರಿಲ್ಯಾಂಡ್ (ಬಾಗಿದ ಮೂತಿಯ ಚಿಮಟ) ಮತ್ತು ಒಂದು ನೀಡಲ್ ಹೋಲ್ಡರ್ (ಸೂಜಿ ಹಿಡಿಯುವ ಇಕ್ಕಳ). ಕಂಪನಿಯ ಬಾಕ್ಸ್ ಇದಕ್ಕಿಂತ ಅಂದವಾಗಿರುತ್ತದೆ, ಆದರೆ ಕೈಗೆ ಕಲಿಸುವುದು ಇದೇ ಪಾಠವನ್ನು.

ಲ್ಯಾಪ್ರೋಸ್ಕೋಪಿಯ ಮೂಲ ಕೌಶಲ ಅಳೆಯಲು ಅಮೆರಿಕದ ಸರ್ಜನ್‌ಗಳ ಸೇಜಸ್ ಸಂಘ ರೂಪಿಸಿದ ಎಫ್‌ಎಲ್‌ಎಸ್ ಎಂಬ ಪರೀಕ್ಷೆಯ ಕೈಕೆಲಸವೆಲ್ಲ ಬಾಕ್ಸಿನಲ್ಲೇ ನಡೆಯುತ್ತದೆ. ಕೆಲಸ ಐದು: ಪೆಗ್ ಟ್ರಾನ್ಸ್‌ಫರ್, ಗಾಜ್ ಬಟ್ಟೆಯ ಮೇಲೆ ಬರೆದ ವೃತ್ತವನ್ನು ಗೆರೆ ಬಿಡದೆ ಕತ್ತರಿಸುವುದು, ಲೂಪ್ ಕಟ್ಟುವುದು, ಹೊರಗೆ ಕಟ್ಟಿ ಒಳಗೆ ತಳ್ಳುವ ಗಂಟು, ಒಳಗೇ ಕಟ್ಟುವ ಗಂಟು. ಪೆಗ್ ಟ್ರಾನ್ಸ್‌ಫರ್‌ನಲ್ಲಿ ಆರು ಉಂಗುರಗಳನ್ನು ಒಂದೊಂದಾಗಿ ಒಂದು ಕೈಯಿಂದ ಎತ್ತಿ, ಗಾಳಿಯಲ್ಲೇ ಇನ್ನೊಂದು ಕೈಗೆ ದಾಟಿಸಿ, ಎದುರಿನ ಗೂಟಕ್ಕೆ ಹಾಕಿ, ಮತ್ತೆ ವಾಪಸ್ ತರಬೇಕು. ನೋಡಲು ಮಕ್ಕಳಾಟ. ಹತ್ತು ನಿಮಿಷ ಮಾಡಿ ನೋಡಿ, ಹಣೆಯ ಮೇಲೆ ಬೆವರು ಬರುತ್ತದೆ.

ನಾನು ಇದಕ್ಕೆ ಇನ್ನೊಂದು ಕೆಲಸ ಸೇರಿಸುತ್ತೇನೆ. ದೇವರಾಜ ಮಾರುಕಟ್ಟೆಯಿಂದ ಕಾಲು ಕೆ.ಜಿ. ದ್ರಾಕ್ಷಿ ತರಿಸಿ, ಒಂದನ್ನು ಬಾಕ್ಸಿನೊಳಗೆ ಮೇಣದ ತುಂಡಿನ ಮೇಲೆ ಕೂರಿಸಿ, ಸಿಪ್ಪೆ ಮಾತ್ರ ಬಿಡಿಸು ಅನ್ನುತ್ತೇನೆ. ಗ್ರಾಸ್ಪರ್ ಸ್ವಲ್ಪ ಬಿಗಿಯಾದರೆ ರಸ ಜಿನುಗಿ ಪರದೆಯೆಲ್ಲ ಮಂಜಾಗುತ್ತದೆ. ಸಡಿಲವಾದರೆ ಹಣ್ಣು ಜಾರಿ ಮೂಲೆಗೆ ಉರುಳುತ್ತದೆ. ಸಿಪ್ಪೆಯ ಅಂಚನ್ನು ಎಡಗೈ ತುಸುವೇ ಎಳೆದು ಹಿಡಿದರೆ ಬಲಗೈಗೆ ದಾರಿ ತಾನಾಗಿ ಬಿಡುತ್ತದೆ. ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸುವಾಗ ಬೇಕಾಗುವುದೂ ಇದೇ ಎಳೆತದ ಅಂದಾಜು. ನಿಜವಾದ ವಸ್ತು ನಿಜವಾದ ಉಪಕರಣಕ್ಕೆ ಎದುರು ಕೊಡುವ ಒತ್ತಡ ಬೆರಳಿಗೆ ತಿಳಿಯುತ್ತದೆ. ಇದು ಬಾಕ್ಸಿನ ದೊಡ್ಡ ಬಲ. ಎಷ್ಟೋ ವಿಆರ್ ಯಂತ್ರಗಳಲ್ಲಿ ಈ ಸ್ಪರ್ಶ ಒಂದೋ ಇರುವುದಿಲ್ಲ, ಇದ್ದರೂ ಕೃತಕ.

ಗಮನದ ಲೆಕ್ಕದಲ್ಲಿ ಬಾಕ್ಸ್ ಬಲು ಸಭ್ಯ. ಮೆನು ಇಲ್ಲ, ಲಾಗಿನ್ ಇಲ್ಲ, ಕ್ಯಾಲಿಬ್ರೇಷನ್ ಇಲ್ಲ. ಕೊರತೆ ಎಂದರೆ ಅದು ನಿಮಗೆ ಏನನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ಒಬ್ಬರು ನಿಂತು ನೋಡದಿದ್ದರೆ ತಪ್ಪನ್ನೇ ಮತ್ತೆ ಮತ್ತೆ ರೂಢಿ ಮಾಡಿಕೊಳ್ಳುವ ಅಪಾಯವಿದೆ. ಮೊಬೈಲಿನಲ್ಲಿ ಪರದೆಯನ್ನು ರೆಕಾರ್ಡ್ ಮಾಡಿ ಸೀನಿಯರ್‌ಗೆ ತೋರಿಸಿ. ಮಾನಿಟರನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ, ನೇರ ಎದುರಿಗೆ ಇಟ್ಟುಕೊಳ್ಳಿ. ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು ಕುತ್ತಿಗೆ ತಿರುಗಿಸಿ ಅಭ್ಯಾಸ ಮಾಡುವವರನ್ನು ಹಾಸ್ಟೆಲಿನಲ್ಲಿ ನೋಡಿದ್ದೇನೆ. ಕುತ್ತಿಗೆ ನೋವಿನ ಜೊತೆಗೆ ಕೈಯ ದಿಕ್ಕೂ ಕಣ್ಣಿನ ದಿಕ್ಕೂ ಬೇರೆಯಾಗಿ, ಮೆದುಳಿಗೆ ಮತ್ತೊಂದು ಲೆಕ್ಕ ಗಂಟು ಬೀಳುತ್ತದೆ.

ಪರದೆಯ ವಿಆರ್ ಸಿಮ್ಯುಲೇಟರ್

ಇದರಲ್ಲಿ ಹಿಡಿಗಳು ನಿಜ, ಹೊಟ್ಟೆಯೊಳಗಿನದೆಲ್ಲ ಕಂಪ್ಯೂಟರ್ ಬರೆದದ್ದು. ಬೆಲೆ ಹಲವು ಲಕ್ಷ, ಹಾಗಾಗಿ ಕಾಲೇಜಿನ ಸ್ಕಿಲ್ಸ್ ಲ್ಯಾಬ್ ಕೊಳ್ಳಬೇಕೇ ಹೊರತು ನಾವು ನೀವಲ್ಲ.

ಇದರ ಪರವಾಗಿ ಇರುವ ಬಲವಾದ ಸಾಕ್ಷ್ಯ 2002ರದ್ದು. ಅಮೆರಿಕದ ಯೇಲ್‌ನಲ್ಲಿ ನೀಲ್ ಸೀಮೋರ್ ತಂಡ ನಮ್ಮ ಪಿಜಿಗಳಂಥ 16 ರೆಸಿಡೆಂಟ್‌ಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ತರಬೇತಿ, ಇನ್ನೊಂದಕ್ಕೆ ಅದರ ಜೊತೆಗೆ ವಿಆರ್ ತರಬೇತಿ ಕೊಟ್ಟಿತು. ಆಮೇಲೆ ಎಲ್ಲರೂ ನಿಜವಾದ ರೋಗಿಯ ಪಿತ್ತಕೋಶ ಬಿಡಿಸಿದರು. ವಿಆರ್ ಕಲಿತವರು ಶೇ. 29ರಷ್ಟು ವೇಗವಾಗಿದ್ದರು. ಕಲಿಯದವರು ಪಿತ್ತಕೋಶಕ್ಕೆ ಗಾಯ ಮಾಡುವ ಇಲ್ಲವೇ ಬೇರೆ ಅಂಗಾಂಶ ಸುಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ಮುಂದೇನು ಎಂದು ತೋಚದೆ ಕೈ ನಿಂತುಹೋಗುವ ಸಂಭವವಂತೂ ಒಂಬತ್ತು ಪಟ್ಟು.

ಈ ಅಂಕಿಗಳನ್ನು ಎಲ್ಲ ಮಾರಾಟಗಾರರೂ ತೋರಿಸುತ್ತಾರೆ. ಅವರು ಹೇಳದೆ ಬಿಡುವ ಸಂಗತಿ ಒಂದಿದೆ. ಆ ರೆಸಿಡೆಂಟ್‌ಗಳಿಗೆ ಇಷ್ಟು ಗಂಟೆ ಅಭ್ಯಾಸ ಮಾಡಿ ಎಂದು ಹೇಳಿರಲಿಲ್ಲ. ಅನುಭವಿ ಸರ್ಜನ್‌ಗಳು ಅದೇ ಯಂತ್ರದಲ್ಲಿ ಗಳಿಸಿದ ಮಟ್ಟವನ್ನು ಮುಟ್ಟುವವರೆಗೆ ಮಾಡಿ ಎಂದಿದ್ದರು. ಗಂಟೆ ಎಣಿಸಿದರೆ ಮನಸ್ಸು ಗಡಿಯಾರದ ಮೇಲಿರುತ್ತದೆ, ಮಟ್ಟ ಎಣಿಸಿದರೆ ಕೆಲಸದ ಮೇಲೆ. ನಿಮ್ಮ ಕಾಲೇಜಿನ ಲಾಗ್‌ಬುಕ್ಕಿನಲ್ಲಿ "ಸಿಮ್ಯುಲೇಟರ್: ಎರಡು ಗಂಟೆ" ಎಂದಷ್ಟೇ ಬರೆಸುತ್ತಿದ್ದರೆ, ಪಕ್ಕದಲ್ಲಿ ನೀವೇ ಒಂದು ಗೆರೆ ಸೇರಿಸಿಕೊಳ್ಳಿ: ಸೀನಿಯರ್ ಮಟ್ಟ ಎಷ್ಟು, ನಾನು ಎಲ್ಲಿದ್ದೇನೆ.

ಬಾಕ್ಸಿಗಿಂತ ಇದು ಮೇಲು ಅನ್ನಿಸುವುದು ಎರಡು ಕಡೆ. ಒಂದು, ಪೂರ್ತಿ ಆಪರೇಷನ್ನನ್ನು ಮೊದಲಿಂದ ಕೊನೆವರೆಗೆ ಮಾಡಬಹುದು, ರಕ್ತಸ್ರಾವವನ್ನೂ ಎದುರಿಸಬಹುದು. ಎರಡು, ಉಪಕರಣ ಸಾಗಿದ ದೂರ, ಕಾಟರಿ ತಪ್ಪು ಜಾಗದಲ್ಲಿ ಉರಿದ ಹೊತ್ತು, ಕಣ್ಣಿಗೆ ಕಾಣದೆ ತುದಿ ಪರದೆಯಾಚೆ ಹೋದ ಸಲ, ಎಲ್ಲವನ್ನೂ ಬರೆದಿಡುತ್ತದೆ. ಪಕ್ಕದಲ್ಲಿ ಸೀನಿಯರ್ ಇಲ್ಲದ ಹೊತ್ತಿನಲ್ಲೂ ತಿದ್ದುವವರೊಬ್ಬರು ಇದ್ದಂತಾಯಿತು.

ತಲೆಗೆ ಹಾಕುವ ಹೆಡ್‌ಸೆಟ್

ಕಣ್ಣು ಮುಚ್ಚುವಂತೆ ಹೆಡ್‌ಸೆಟ್ ಹಾಕಿದರೆ ಸುತ್ತಲೂ ಒಟಿ ಎದ್ದು ನಿಲ್ಲುತ್ತದೆ. ಟೇಬಲ್, ಅನಸ್ತೇಷಿಯಾ ಯಂತ್ರ, ಸಿಸ್ಟರ್ ನಿಂತ ಜಾಗ, ಎಲ್ಲ. ನಿಜಕ್ಕೆ ಇಷ್ಟು ಹತ್ತಿರವಾದರೆ ಕಲಿಕೆಯೂ ಹೆಚ್ಚೇ ಇರಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ.

ಡೆನ್ಮಾರ್ಕಿನಲ್ಲಿ ಇದನ್ನೇ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 31 ಕಿರಿಯ ವೈದ್ಯರಲ್ಲಿ ಕೆಲವರು ಮಾಮೂಲಿ ಪರದೆಯ ಸಿಮ್ಯುಲೇಟರ್‌ನಲ್ಲಿ, ಕೆಲವರು ಹೆಡ್‌ಸೆಟ್ ಹಾಕಿಕೊಂಡು ಲ್ಯಾಪ್ರೋಸ್ಕೋಪಿ ಅಭ್ಯಾಸ ಮಾಡಿದರು. ನಡುನಡುವೆ ಒಂದು ಸೂಚನೆ ಬಂದಾಗ ಎಷ್ಟು ಬೇಗ ಪ್ರತಿಕ್ರಿಯಿಸುತ್ತಾರೆ ಎಂದು ಅಳೆದರು. ತಲೆ ತುಂಬಿದ್ದರೆ ಪ್ರತಿಕ್ರಿಯೆ ತಡವಾಗುತ್ತದೆ, ಇದು ಮನಸ್ಸಿನ ಹೊರೆ ಅಳೆಯುವ ಸರಳ ದಾರಿ. ಹೆಡ್‌ಸೆಟ್ ಹಾಕಿದವರ ಹೊರೆ ಹೆಚ್ಚಾಗಿತ್ತು, ಕೆಲಸದ ಗುಣಮಟ್ಟ ಕಡಿಮೆಯಾಗಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಸುತ್ತಲಿನ ಒಟಿಯೂ ಕಣ್ಣನ್ನು ಸೆಳೆಯುತ್ತದೆ, ಆ ಸೆಳೆತಕ್ಕೂ ಗಮನದ ಬೆಲೆ ಕಟ್ಟಬೇಕು. ಅದರ ಮೇಲೆ ದೇಹದ ತಕರಾರು ಬೇರೆ. ಕಣ್ಣು ಚಲನೆ ಕಾಣುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ "ಅಲುಗಿಲ್ಲ" ಅನ್ನುತ್ತದೆ, ಕೆಲವರಿಗೆ ವಾಕರಿಕೆ ಶುರು. ಹತ್ತಿರದ ವಸ್ತು ನೋಡಲು ಎರಡೂ ಕಣ್ಣು ಒಳಮುಖವಾಗುತ್ತವೆ, ಆದರೆ ಫೋಕಸ್ ಇರುವುದು ಯಾವಾಗಲೂ ಒಂದೇ ದೂರಕ್ಕೆ. ಈ ಎಳೆದಾಟದಲ್ಲಿ ಕಣ್ಣು ಬೇಗ ಸೋಲುತ್ತದೆ. ಏಪ್ರಿಲ್ ತಿಂಗಳ ಮಂಡ್ಯದ ಮಧ್ಯಾಹ್ನದಲ್ಲಿ ಮುಖಕ್ಕೆ ಪಟ್ಟಿ ಬಿಗಿದು ನಿಂತರೆ ಬೆವರಿಗೆ ಲೆನ್ಸ್ ಮಸುಕಾಗುವುದು ಇನ್ನೊಂದು ಕಾಟ. ಕನ್ನಡಕದವರಿಗೆ ಇನ್ನೂ ಹೆಚ್ಚು.

ಹಾಗಂತ ಹೆಡ್‌ಸೆಟ್ ಬೇಡ ಎಂದು ನಾನು ಹೇಳುವುದಿಲ್ಲ. ಅದರ ಜಾಗ ಬೇರೆ. ಬೆರಳ ನಾಜೂಕಿಗಿಂತ ಹಂತಗಳ ಕ್ರಮ ಮುಖ್ಯವಾದ ಕಡೆ ಅದು ಚೆನ್ನಾಗಿ ಕಲಿಸುತ್ತದೆ. ಮುರಿದ ಮೂಳೆಯೊಳಗೆ ನೇಲ್ (ಲೋಹದ ಸರಳು) ಹಾಕುವಾಗ ಯಾವುದರ ನಂತರ ಯಾವ ಉಪಕರಣ, ರೋಗಿಯನ್ನು ಹೇಗೆ ಮಲಗಿಸಬೇಕು, ಸಿ-ಆರ್ಮ್ (ಒಟಿಯ ಎಕ್ಸ್-ರೇ ಯಂತ್ರ) ಎಲ್ಲಿ ನಿಲ್ಲಬೇಕು, ಇಂಥವು. ಒಟಿಯಲ್ಲಿ ಒಮ್ಮೆಲೇ ಬಿ.ಪಿ. ಕುಸಿದಾಗ ಯಾರು ಏನು ಮಾಡಬೇಕು ಎಂಬ ತಾಲೀಮಿಗೂ ಅದು ಸರಿ. ಇನ್ನೊಂದು ಅನುಕೂಲ ನಮ್ಮ ಪಿಜಿಗಳಿಗೆ ಬೇಗ ಅರ್ಥವಾಗುತ್ತದೆ: ಜಿಲ್ಲಾ ರೆಸಿಡೆನ್ಸಿಯ ಮೂರು ತಿಂಗಳು. ಕಾಲೇಜು ಬಿಟ್ಟು ಜಿಲ್ಲಾ ಆಸ್ಪತ್ರೆಗೆ ಹೋದಾಗ ಲಕ್ಷಗಟ್ಟಲೆಯ ಸಿಮ್ಯುಲೇಟರ್ ಜೊತೆಗೆ ಬರುವುದಿಲ್ಲ. ಹೆಡ್‌ಸೆಟ್ ಚೀಲದಲ್ಲಿ ಕೂರುತ್ತದೆ. ಡಬ್ಬಿಯ ಬಾಕ್ಸ್ ಟ್ರೈನರ್ ಕೂಡ ಬಸ್ಸಿನ ಲಗೇಜ್ ಜಾಗದಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಬಳಸುವುದಾದರೆ ಶುರುವಿನಲ್ಲಿ 15, 20 ನಿಮಿಷಕ್ಕಿಂತ ಹೆಚ್ಚು ಬೇಡ. ತಲೆ ಭಾರವಾದರೆ ಪಟ್ಟು ಹಿಡಿದು ಮುಂದುವರಿಸದೆ ತೆಗೆದಿಡಿ.

ನೈಟ್ ಡ್ಯೂಟಿ ಮುಗಿಸಿಯೋ, ನಿದ್ದೆ ಮುಗಿಸಿಯೋ

ಯಂತ್ರದ ಆಯ್ಕೆಗಿಂತ ಇದು ದೊಡ್ಡ ಆಯ್ಕೆ ಎಂದು ನಾನು ನಂಬಿದ್ದೇನೆ.

ಒಬ್ಬ ಎರಡನೇ ವರ್ಷದ ಹುಡುಗ ರಾತ್ರಿಯಿಡೀ ಕ್ಯಾಶುಯಲ್ಟಿಯಲ್ಲಿ ನಿಂತು, ಬೆಳಿಗ್ಗೆ ರೌಂಡ್ಸ್ ಮುಗಿಸಿ, ಊಟವನ್ನೂ ಬಿಟ್ಟು ಸ್ಕಿಲ್ಸ್ ಲ್ಯಾಬಿಗೆ ಬಂದಿದ್ದ. "ಸರ್, ಹಿಂದಿನ ವಾರ ಬಂದಿದ್ದ ಸ್ಕೋರೂ ಬರ್ತಿಲ್ಲ. ಇನ್ನೊಂದು ಗಂಟೆ ಮಾಡ್ತೀನಿ." ಪರದೆಯಲ್ಲಿ ಸೂಜಿ ಹಿಡಿಯಲು ಹೋದ ತುದಿ ಸೂಜಿಯ ಪಕ್ಕದಲ್ಲೇ ಮೂರು ಸಲ ಬಾಯಿ ಮುಚ್ಚಿ ತೆರೆಯಿತು. ನಾಲ್ಕನೇ ಸಲಕ್ಕೆ ಸಿಕ್ಕಿತು, ಆದರೆ ಸೂಜಿ ತಿರುಗುಮುರುಗು. ಅವನಿಗೆ ಅದು ಕಾಣಲೇ ಇಲ್ಲ, ಹಾಗೇ ಚುಚ್ಚಲು ಹೊರಟ. "ಹೋಗಪ್ಪ, ಊಟ ಮಾಡಿ ಮಲಗು. ನಾಳೆ ಬೆಳಿಗ್ಗೆ ಬಾ" ಎಂದು ಯಂತ್ರ ಆರಿಸಿದೆ. ಅವನ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆ ಶ್ರದ್ಧೆ ಪೋಲಾಗಬಾರದು ಎಂಬುದೇ ನನ್ನ ಕಳಕಳಿ.

1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲಂಡನ್ನಿನ ಒಂದು ಪುಟ್ಟ ಅಧ್ಯಯನದಲ್ಲಿ, ರಾತ್ರಿಯಿಡೀ ಎಚ್ಚರವಿದ್ದ ಸರ್ಜನ್‌ಗಳು ಲ್ಯಾಪ್ರೋಸ್ಕೋಪಿ ಸಿಮ್ಯುಲೇಟರ್ ಮೇಲೆ ಶೇ. 20ರಷ್ಟು ಹೆಚ್ಚು ತಪ್ಪು ಮಾಡಿದರು, ಶೇ. 14ರಷ್ಟು ಹೆಚ್ಚು ಹೊತ್ತು ತೆಗೆದುಕೊಂಡರು. 17 ಗಂಟೆ ಎಚ್ಚರವಿದ್ದವರ ಚುರುಕು ರಕ್ತದಲ್ಲಿ ಶೇ. 0.05 ಮದ್ಯವಿದ್ದವರ ಚುರುಕಿಗೆ ಸಮ ಎಂದು ಅದರ ಹಿಂದಿನ ವರ್ಷ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದರು. ನಿದ್ದೆಗೆಟ್ಟ ಕೈ ತಪ್ಪು ಮಾಡುತ್ತದೆ, ನಿದ್ದೆಗೆಟ್ಟ ಕಣ್ಣು ಆ ತಪ್ಪನ್ನು ಗಮನಿಸುವುದಿಲ್ಲ, ಹೀಗಾಗಿ ತಪ್ಪೇ ಅಭ್ಯಾಸವಾಗುತ್ತದೆ.

ಇನ್ನು ಒಂದೇ ದಿನ ಗುಡ್ಡೆ ಹಾಕಿ ಮಾಡುವುದೋ, ವಾರಕ್ಕಿಷ್ಟು ಎಂದು ಹಂಚುವುದೋ? ಟೊರೊಂಟೊದ ಕ್ಯಾರಲ್-ಆ್ಯನ್ ಮೋಲ್ಟನ್ ತಂಡ 2006ರಲ್ಲಿ 38 ರೆಸಿಡೆಂಟ್‌ಗಳಿಗೆ ಸಣ್ಣ ರಕ್ತನಾಳ ಜೋಡಿಸುವ ನಾಲ್ಕು ಪಾಠ ಕಲಿಸಿತು. ಅರ್ಧ ಜನಕ್ಕೆ ನಾಲ್ಕೂ ಒಂದೇ ದಿನ, ಉಳಿದವರಿಗೆ ವಾರಕ್ಕೊಂದು. ತಿಂಗಳ ನಂತರ ಪರೀಕ್ಷಿಸಿದಾಗ ಹಂಚಿ ಕಲಿತವರ ಕೆಲಸವೇ ಚೆನ್ನಾಗಿತ್ತು. ಭಾನುವಾರ ಆರು ಗಂಟೆ ಕೂರುವುದಕ್ಕಿಂತ ವಾರದಲ್ಲಿ ಮೂರು ದಿನ ಅರ್ಧರ್ಧ ಗಂಟೆ ಮೇಲು. ಒಟಿ ಇಲ್ಲದ ದಿನ ಬೆಳಿಗ್ಗೆ, ರೌಂಡ್ಸ್‌ಗೆ ಮುಂಚೆ, ಫೋನ್ ಕೊಠಡಿಯಲ್ಲೇ ಬಿಟ್ಟು ಬರುವುದಾದರೆ ಅರ್ಧ ಗಂಟೆ ಧಾರಾಳ.

ಮನಸ್ಸಿಗೆ ಯಾವ ತಾಲೀಮು

ಯಂತ್ರ ಹಚ್ಚದೆ ಮಾಡುವ ಅಭ್ಯಾಸಗಳೂ ಇವೆ. ಅವುಗಳಲ್ಲಿ ಆರಿಸಿಕೊಳ್ಳಿ ಎಂದರೆ ನನ್ನ ಮೊದಲ ಮತ ಮನಸ್ಸಿನಲ್ಲೇ ಆಪರೇಷನ್ ಮಾಡುವುದಕ್ಕೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸೋನಲ್ ಅರೋರಾ ತಂಡ 2011ರಲ್ಲಿ ಹೊಸ ಸರ್ಜನ್‌ಗಳಿಂದ ಸಿಮ್ಯುಲೇಟರ್ ಮೇಲೆ ಪಿತ್ತಕೋಶದ ಆಪರೇಷನ್ನನ್ನು ಐದೈದು ಸಲ ಮಾಡಿಸಿತು. ಪ್ರತಿ ಸಲಕ್ಕೂ ಮುಂಚೆ ಅರ್ಧ ಗಂಟೆ ಮನಸ್ಸಿನಲ್ಲೇ ಮಾಡಿ ನೋಡಿದ ಗುಂಪಿನ ಕೆಲಸ ಉಳಿದವರಿಗಿಂತ ಉತ್ತಮವಾಗಿತ್ತು. ಖರ್ಚು ಸೊನ್ನೆ, ಹಾಸ್ಟೆಲ್ ಮಂಚದ ಮೇಲೂ ಆಗುತ್ತದೆ.

ಮಾಡುವ ರೀತಿ ಗೊತ್ತಿರಬೇಕು. "ಟ್ರೋಕಾರ್ ಹಾಕಿದೆ, ಡಿಸೆಕ್ಟ್ ಮಾಡಿದೆ, ಕ್ಲಿಪ್ ಹಾಕಿದೆ" ಎಂದು ಪುಸ್ತಕದ ತಲೆಬರಹ ಓದಿದಂತೆ ಓದಿದರೆ ಉಪಯೋಗವಿಲ್ಲ. ಕಾಣುವುದು, ಕೈಗೆ ತಿಳಿಯುವುದು, ಕೇಳುವುದು ಮೂರೂ ಬರಬೇಕು. ಪಿತ್ತಕೋಶದ ತುದಿ, ಅಂದರೆ ಫಂಡಸ್ ಹಿಡಿದು ಭುಜದ ಕಡೆಗೆ ಎತ್ತಿದೆ, ಯಕೃತ್ತಿನ ಅಂಚು ಮೇಲೆ ಸರಿಯಿತು. ಎಡಗೈಯಲ್ಲಿ ಪಿತ್ತಕೋಶದ ಕುತ್ತಿಗೆಯ ಭಾಗ ಹಿಡಿದು ಹೊರಕ್ಕೆ ಎಳೆದೆ, ಪೊರೆ ಬಿಗಿಯಾಯಿತು. ಇಲ್ಲಿ ಕಾಟರಿಯ ಹುಕ್ ಮುಟ್ಟಿಸಬೇಕು, ಇಲ್ಲಲ್ಲ. ಎಲ್ಲಿ ಚಿತ್ರ ಮಸುಕಾಗಿ ಮುಂದೆ ಹೋಗಲು ಆಗುವುದಿಲ್ಲವೋ, ನಿಮಗೆ ಗೊತ್ತಿಲ್ಲದ ಜಾಗ ಅದೇ. ಎದ್ದು ಪುಸ್ತಕ ತೆರೆಯಿರಿ.

ಎರಡನೆಯದು ಕೈ ಬೆಚ್ಚಗಾಗಿಸಿಕೊಳ್ಳುವುದು. ಆಪರೇಷನ್‌ಗೆ ಮುಂಚೆ ಸಿಮ್ಯುಲೇಟರ್ ಮೇಲೆ 15 ನಿಮಿಷ ಆಡಿಸಿಕೊಂಡು ಹೋದ ಸರ್ಜನ್‌ಗಳು ಒಟಿಯಲ್ಲಿ ಚೆನ್ನಾಗಿ ಮಾಡಿದ್ದನ್ನು 2010ರ ಒಂದು ಅಧ್ಯಯನ ವರದಿ ಮಾಡಿತು. ಒಟಿ ಪಕ್ಕದ ಕೊಠಡಿಯಲ್ಲಿ ಒಂದು ಬಾಕ್ಸ್ ಇಟ್ಟರೆ ಸಾಕು. ಮೊದಲ ಕೇಸಿನ ರೋಗಿಗೆ ಅನಸ್ತೇಷಿಯಾ ಕೊಡುತ್ತಿರುವ ಹೊತ್ತಿನಲ್ಲೇ ಇದು ಮುಗಿಯುತ್ತದೆ.

ಮೂರನೆಯದು ಕಣ್ಣಿಗೆ ಕೊಡುವ ತರಬೇತಿ. ಇದರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ, ಹಾಗಾಗಿ ಸ್ವಲ್ಪ ಹೆಚ್ಚು ಹೇಳುತ್ತೇನೆ. ಹೊಸಬರ ಕಣ್ಣು ಉಪಕರಣದ ತುದಿಯನ್ನು ಹಿಂಬಾಲಿಸುತ್ತದೆ. ಅನುಭವಿಗಳ ಕಣ್ಣು ಮುಟ್ಟಬೇಕಾದ ಜಾಗದ ಮೇಲೆ ಮೊದಲೇ ಹೋಗಿ ಕೂತಿರುತ್ತದೆ, ಉಪಕರಣ ಆಮೇಲೆ ಅಲ್ಲಿಗೆ ಬರುತ್ತದೆ. ಕೆನಡಾದಲ್ಲಿ 2004ರಲ್ಲೇ ಕಣ್ಣಿನ ಚಲನೆ ಹಿಡಿಯುವ ಯಂತ್ರ ಬಳಸಿ ಈ ವ್ಯತ್ಯಾಸ ತೋರಿಸಿದ್ದರು. ಇಂಗ್ಲೆಂಡಿನ ಎಕ್ಸೆಟರ್‌ನ ಮಾರ್ಕ್ ವಿಲ್ಸನ್, ಸ್ಯಾಮ್ಯುಯೆಲ್ ವೈನ್ ತಂಡ 2011ರಲ್ಲಿ ಮುಂದಿನ ಹೆಜ್ಜೆ ಇಟ್ಟಿತು. ಅನುಭವಿಯ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಹೊಸಬರಿಗೆ ತೋರಿಸಿ ಅದೇ ರೂಢಿ ಕಲಿಸಿದಾಗ, ಅವರು ಬೇಗ ಕಲಿತರು. ಅದಕ್ಕಿಂತ ಮುಖ್ಯವಾಗಿ, ಜೊತೆಗೆ ಇನ್ನೊಂದು ಕೆಲಸ ಹಚ್ಚಿದಾಗಲೂ ಅವರ ಕೈ ಕೆಡಲಿಲ್ಲ. ಯಂತ್ರವಿಲ್ಲದೆಯೂ ಇದನ್ನು ಕಲಿಯಬಹುದು. ಪೆಗ್ ಟ್ರಾನ್ಸ್‌ಫರ್ ಮಾಡುವಾಗ ಉಂಗುರ ಎತ್ತಿದ ಕೂಡಲೇ ಅದನ್ನು ಬಿಟ್ಟು, ಹಾಕಬೇಕಾದ ಗೂಟದ ತುದಿಯನ್ನು ನೋಡಿ. ಉಂಗುರ ಅಲ್ಲಿ ಕೂರುವವರೆಗೆ ಕಣ್ಣು ಕದಲಿಸಬೇಡಿ. ಮೊದಲ ದಿನ ಉಂಗುರ ಬೀಳುತ್ತದೆ. ಬೀಳಲಿ.

ಉಸಿರಾಟ, ಧ್ಯಾನದ ವಿಚಾರ. ಯೋಗಗುರು ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದ ಊರು ನಮ್ಮದು. ಇಲ್ಲಿಯವರಿಗೆ ಪ್ರಾಣಾಯಾಮದ ಬಗ್ಗೆ ಹೊರಗಿನವರು ಹೇಳಬೇಕಾಗಿಲ್ಲ. ಸಾನ್ ಫ್ರಾನ್ಸಿಸ್ಕೊದಲ್ಲಿ ಸರ್ಜರಿ ಕಲಿಯುತ್ತಿದ್ದ ಮೊದಲ ವರ್ಷದ 21 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಧ್ಯಾನದ ಅಧ್ಯಯನ ಆಶಾದಾಯಕವಾಗಿದೆ, ಆದರೆ ಚಿಕ್ಕದು. ನಿಮಿಷಕ್ಕೆ ಆರರಂತೆ ನಿಧಾನವಾಗಿ ಉಸಿರಾಡಿದರೆ ಹೃದಯದ ಬಡಿತ ಹದಕ್ಕೆ ಬರುತ್ತದೆ, ನಡುಗುವ ಕೈಗೆ ಅದರಿಂದ ಉಪಕಾರವಾಗಬಹುದು. ಸ್ಕ್ರಬ್ ಮಾಡುವ, ಅಂದರೆ ಆಪರೇಷನ್‌ಗೆ ಮುಂಚೆ ಕೈ ತೊಳೆಯುವ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ಇದು ಅಭ್ಯಾಸದ ಬದಲಿಗೆ ಅಲ್ಲ, ನಿದ್ದೆಯ ಬದಲಿಗಂತೂ ಖಂಡಿತ ಅಲ್ಲ.

ಮೌನವಾದ ಕೊಠಡಿಯೋ, ಗದ್ದಲದ ಕೊಠಡಿಯೋ

ಎರಡೂ ಬೇಕು, ಕ್ರಮ ತಪ್ಪಬಾರದು. ಅಮೆರಿಕದ ಆರೆಗಾನ್‌ನಲ್ಲಿ 18 ರೆಸಿಡೆಂಟ್‌ಗಳಿಗೆ ಸಿಮ್ಯುಲೇಟರ್ ಮೇಲೆ ಪಿತ್ತಕೋಶ ತೆಗೆಯಲು ಹೇಳಿ, ನಡುವೆ ಮೊಬೈಲ್ ರಿಂಗ್ ಆಗಿಸಿದರು, ಲೋಹದ ಟ್ರೇ ಬೀಳಿಸಿದರು, ಬೇರೆ ರೋಗಿಯ ಬಗ್ಗೆ ಪ್ರಶ್ನೆ ಕೇಳಿದರು. ಅಡ್ಡಿ ಇದ್ದಾಗ 18ರಲ್ಲಿ 8 ಮಂದಿ ದೊಡ್ಡ ತಪ್ಪು ಮಾಡಿದರು, ಅಡ್ಡಿ ಇಲ್ಲದಾಗ ಒಬ್ಬರೇ. 2012ರಲ್ಲಿ ಇದು ಪ್ರಕಟವಾಯಿತು. ನಮ್ಮ ಒಟಿಗಳಲ್ಲಿ ಕೇಸಿನ ನಡುವೆ "ಸರ್, ವಾರ್ಡಿಂದ ಫೋನು" ಎಂದು ಬರುವುದು ದಿನದ ಮಾತು. ಹಾಗಾಗಿ ಇದು ನಮ್ಮದೇ ಕಥೆ.

ದಸರಾ ಆನೆಗಳಿಗೆ ಮಾಡಿಸುವ ತಾಲೀಮನ್ನು ಮೈಸೂರಿನವರೆಲ್ಲ ನೋಡಿದ್ದೇವೆ. ಮೊದಲು ಬರಿ ಮೈಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ನಡಿಗೆ. ಆಮೇಲೆ ಮರಳಿನ ಮೂಟೆ, ದಿನದಿನಕ್ಕೆ ಭಾರ ಹೆಚ್ಚು. ಆಮೇಲೆ ಮರದ ಅಂಬಾರಿ. ಭಾರ ರೂಢಿಯಾಗುತ್ತಿದ್ದಂತೆ ಕುಶಾಲತೋಪಿನ ಸದ್ದು. 750 ಕೆ.ಜಿ.ಯ ಚಿನ್ನದ ಅಂಬಾರಿ ಬೆನ್ನ ಮೇಲೆ ಬರುವುದು ಕೊನೆಯ ದಿನ. ಸರ್ಜನ್‌ಗೂ ಇದೇ ಕ್ರಮ ಸರಿ. ಪೆಗ್ ಟ್ರಾನ್ಸ್‌ಫರ್, ಗಂಟು ಕೈಗೆ ಕೂರುವವರೆಗೆ ಸದ್ದಿಲ್ಲದ ಕೊಠಡಿ. ಸೀನಿಯರ್ ಮಟ್ಟ ಮುಟ್ಟಿದ ಮೇಲೆ ಪಕ್ಕದಲ್ಲಿ ಗೆಳೆಯನೊಬ್ಬ ನಿಂತು, ಗಂಟು ಹಾಕುತ್ತಿರುವಾಗಲೇ ನೂರರಿಂದ ಏಳೇಳು ಕಳೆಯುತ್ತಾ ಬಾ ಎನ್ನಲಿ, ವಾರ್ಡಿನ ರೋಗಿಯ ಪೊಟ್ಯಾಸಿಯಂ ಎಷ್ಟಿತ್ತು ಎಂದು ಕೇಳಲಿ. ಮೊದಲ ವಾರದಲ್ಲೇ ಹಾಡು ಹಾಕಿಕೊಂಡು ಅಭ್ಯಾಸ ಮಾಡುವವರು ಈ ಕ್ರಮವನ್ನು ತಿರುಗುಮುರುಗು ಮಾಡಿದಂತೆ.

"ಒಂದು ನಿಮಿಷ, ಈ ಕ್ಲಿಪ್ ಆಗಲಿ, ಆಮೇಲೆ ಹೇಳಿ" ಎಂಬ ಮಾತನ್ನೂ ಇಲ್ಲೇ ಅಭ್ಯಾಸ ಮಾಡಬೇಕು. ಹಿರಿಯರೇ ಕೇಳಿದಾಗಲೂ ವಿನಯದಿಂದ ಹಾಗೆ ಹೇಳಲು ಬರಬೇಕು. ಕೇಳಿಸಿಕೊಳ್ಳುವ ಹಿರಿಯರೂ ಅದನ್ನು ಅಗೌರವವೆಂದು ತಿಳಿಯಬಾರದು. ನಮ್ಮ ಯೂನಿಟ್‌ಗಳಲ್ಲಿ ಇದು ಇನ್ನೂ ಬೆಳೆಯಬೇಕಾದ ಸಂಸ್ಕೃತಿ.

ಸ್ಕೋರನ್ನು ಎಷ್ಟು ನಂಬಬೇಕು

ಯಂತ್ರ ತೋರಿಸುವ ಸಮಯವನ್ನು ಕೊನೆಗೆ ನೋಡಿ, ತಪ್ಪುಗಳನ್ನು ಮೊದಲು ನೋಡಿ. ಇಬ್ಬರ ಸಮಯವೂ ತಪ್ಪೂ ಒಂದೇ ಇರಬಹುದು, ಆದರೆ ಒಬ್ಬರು ನಿರಾಳವಾಗಿ ಮಾಡಿರುತ್ತಾರೆ, ಇನ್ನೊಬ್ಬರು ಉಸಿರು ಬಿಗಿಹಿಡಿದು. ಎರಡನೆಯವರು ಒಟಿಯಲ್ಲಿ ಚಿಕ್ಕ ಅಡ್ಡಿಗೂ ತಬ್ಬಿಬ್ಬಾಗುತ್ತಾರೆ. ಇದನ್ನು ಹಿಡಿಯಲು ಸರ್ಜ್-ಟಿಎಲ್‌ಎಕ್ಸ್ ಎಂಬ ಸರಳ ಪ್ರಶ್ನಾವಳಿ ಇದೆ. ನಾಸಾದವರು ಪೈಲಟ್‌ಗಳಂಥವರ ಹೊರೆ ಅಳೆಯಲು 1988ರಲ್ಲಿ ಪ್ರಕಟಿಸಿದ ಅಳತೆಯನ್ನು 2011ರಲ್ಲಿ ಸರ್ಜನ್‌ಗಳಿಗೆ ಹೊಂದಿಸಿದ್ದು ಇದು. ಮನಸ್ಸಿನ ಶ್ರಮ, ದೇಹದ ಶ್ರಮ, ಸಮಯದ ಒತ್ತಡ, ಕೆಲಸದ ಜಟಿಲತೆ, ಆತಂಕ, ಅಡ್ಡಿಗಳು, ಈ ಆರಕ್ಕೆ ನೀವೇ ಅಂಕ ಕೊಟ್ಟುಕೊಳ್ಳುತ್ತೀರಿ. ನೋಟ್‌ಬುಕ್ಕಿನ ಒಂದು ಪುಟ ಸಾಕು. ತಿಂಗಳ ಕೊನೆಗೆ ಸ್ಕೋರ್ ಅಷ್ಟೇ ಇದ್ದು ಮನಸ್ಸಿನ ಶ್ರಮದ ಅಂಕ ಇಳಿದಿದ್ದರೆ ಅದೂ ಪ್ರಗತಿಯೇ. ಮೆದುಳಿನ ಅಲೆ ಅಳೆಯುವ ಹಣೆಪಟ್ಟಿಗಳು ಸಂಶೋಧಕರಿಗೆ ಇರಲಿ, ಪಿಜಿಗಳು ಅದಕ್ಕೆ ದುಡ್ಡು ಹಾಕುವುದು ಬೇಡ.

ಯಾರಿಗೆ ಯಾವುದು

ಮೊದಲ ವರ್ಷದವರು ಬಾಕ್ಸ್ ಹಿಡಿಯಿರಿ. ಹೆಡ್‌ಸೆಟ್‌ಗೆ ಎತ್ತಿಟ್ಟ ಹಣದಲ್ಲಿ ಒಂದು ಒಳ್ಳೆಯ ನೀಡಲ್ ಹೋಲ್ಡರ್, ಒಂದಷ್ಟು ಸೂಚರ್ (ಹೊಲಿಗೆಯ ದಾರ) ಬರುತ್ತದೆ. ಎರಡನೇ ವರ್ಷದಲ್ಲಿ ಕಾಲೇಜಿನ ವಿಆರ್ ಸಿಮ್ಯುಲೇಟರ್‌ಗೆ ವಾರಕ್ಕೆ ನಿಗದಿತ ಹೊತ್ತು ಕೇಳಿ ಪಡೆಯಿರಿ, ಮಟ್ಟ ಮುಟ್ಟುವ ಲೆಕ್ಕದಲ್ಲಿ. ಅಂತಿಮ ವರ್ಷದವರಿಗೆ ಮನಸ್ಸಿನ ತಾಲೀಮು, ಗದ್ದಲದ ತಾಲೀಮು ಎರಡೂ ಕಡ್ಡಾಯ ಅನ್ನುತ್ತೇನೆ. ಮಂಡ್ಯ, ನಾಗಮಂಗಲ, ಕೆ.ಆರ್. ಪೇಟೆ ಕಡೆ ಪ್ರಾಕ್ಟೀಸ್ ಮಾಡುತ್ತಾ ವಾರಕ್ಕೊಂದೋ ಎರಡೋ ಲ್ಯಾಪ್ರೋಸ್ಕೋಪಿ ಕೇಸು ಸಿಗುವ ಸರ್ಜನ್‌ಗಳಿಗೆ ಕೇಸಿನ ಬೆಳಿಗ್ಗೆಯ 15 ನಿಮಿಷದ ಬಾಕ್ಸ್ ಸಾಕಷ್ಟು ಉಪಕಾರಿ. ಮೂಳೆ ವಿಭಾಗದವರು, ಒಟಿ ತಂಡಕ್ಕೆ ತರಬೇತಿ ಕೊಡಬೇಕಾದವರು ಹೆಡ್‌ಸೆಟ್ ನೋಡಬಹುದು.

ವಿಭಾಗಕ್ಕೆ ಯಂತ್ರ ಕೊಳ್ಳುವವರು ಡೆಮೊಗೆ ಬಂದ ಪ್ರತಿನಿಧಿಯ ಕೈಯಲ್ಲಿ ಅದನ್ನು ನೋಡಿ ತೀರ್ಮಾನಿಸಬೇಡಿ. ಅದನ್ನು ಯಾವತ್ತೂ ಮುಟ್ಟದ ಒಬ್ಬ ಪಿಜಿಯನ್ನು ಕರೆದು ಮುಂದೆ ನಿಲ್ಲಿಸಿ. ಆನ್ ಮಾಡಿದ ಮೇಲೆ ಮೊದಲ ಉಂಗುರ ಎತ್ತುವುದಕ್ಕೆ ಎಷ್ಟು ನಿಮಿಷ ಹಿಡಿಯಿತು, ಎಷ್ಟು ಸಲ ಸಹಾಯ ಕೇಳಿದಳು ಎಂದು ಬರೆದಿಟ್ಟುಕೊಳ್ಳಿ. ಅನುಭವಿಗಳ ಮಟ್ಟವನ್ನು ನಾವೇ ಹೊಂದಿಸಿಕೊಳ್ಳಬಹುದೇ, ಸ್ಕೋರುಗಳನ್ನು ಹೊರಗೆ ತೆಗೆಯಬಹುದೇ, ಹಿಡಿ ಸವೆದರೆ ಎಷ್ಟು ದಿನದಲ್ಲಿ ಬದಲಿ ಬರುತ್ತದೆ ಎಂದು ಕೇಳಿ. ಲ್ಯಾಬಿನ ಬೀಗದ ಕೈ ಯಾರ ಬಳಿ ಇರುತ್ತದೆ, ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತಾರೆಯೇ ಎಂಬುದನ್ನು ಆರ್ಡರ್ ಕೊಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ.